ಬಿದ್ದ ಅಕ್ಷರದ ಗುರುತು

ತುಮಕೂರು

ಪ್ರೀತಿಯ ಮಗಳೇ,

ಪಾವಗಡದಿಂದ ನೀನು ಕಳುಹಿಸಿದ ಇಂಗ್ಲಿಷ್ ಕಥೆಯ ಎರಡೂ ಪ್ರತಿಗಳನ್ನು ಓದಿದೆ. ಮೊದಲನೆಯದರಲ್ಲಿ ಅಪಾಸ್ಟ್ರಫಿ (’) ಎಂಬ ಆ ಪುಟ್ಟ ಗೆರೆಯೇ ಇರಲಿಲ್ಲ. ಸಂಪಾದಕರೊಬ್ಬರು ಅದನ್ನು ಹಿಂದಿರುಗಿಸಿದ ಮೇಲೆ, ಎರಡನೆಯದರಲ್ಲಿ ಪದದ ಕೊನೆಗೆ ‘ಎಸ್’ ಕಂಡಲ್ಲೆಲ್ಲ ಒಂದೊಂದು ಸಿಕ್ಕಿಸಿದ್ದೀಯೆ. ಎಮ್ಮೆಗಳಿಗೂ ಹುಣಿಸೆಮರಗಳಿಗೂ, ಬಹುವಚನವಾದ ತಪ್ಪಿಗೆ, ನೆತ್ತಿಯ ಮೇಲೊಂದು ಗೆರೆ. ಮೊದಲ ಪ್ರತಿಯಲ್ಲಿದ್ದದ್ದು ಅಜ್ಞಾನ, ಅದಕ್ಕೆ ಔಷಧವಿದೆ. ಎರಡನೆಯದರಲ್ಲಿರುವುದು ಭಯ.

ಕಥೆಯ ಕಟ್ಟು ಹೇಗಿರಬೇಕು, ಯಾರಿಗೆ ಕಳುಹಿಸಬೇಕು ಎಂದೆಲ್ಲ ಕೇಳಿದ್ದೀಯೆ. ಅದನ್ನು ಹೇಳಲು ಬೇರೆಯವರಿದ್ದಾರೆ.

ಏನೋ ಬಿದ್ದುಹೋಗಿದೆ ಎಂಬುದರ ಗುರುತು ಆ ಗೆರೆ. ಸಂಸ್ಕೃತದ ‘ಸೋಽಹಂ’ ಎಂಬುದನ್ನು ನಮ್ಮ ಲಿಪಿಯಲ್ಲಿ ಬರೆಯುವಾಗ, ಲೋಪವಾದ ಅಕಾರಕ್ಕೆಂದು ನಡುವೆ ಅವಗ್ರಹವನ್ನಿಡುತ್ತೇವಲ್ಲ, ಅದೇ ಕೆಲಸ. ಊರು, ಅಲ್ಲಿ ಎಂಬೆರಡು ಸೇರಿ ‘ಊರಲ್ಲಿ’ ಆದಾಗ ಕನ್ನಡವು ಬಿದ್ದ ಉಕಾರಕ್ಕೆ ಗುರುತಿಡುವುದಿಲ್ಲ. ‘ಡು ನಾಟ್’ ಎಂಬುದು ‘ಡೋಂಟ್’ ಆದಾಗ ಇಂಗ್ಲಿಷ್ ಇಡುತ್ತದೆ. 16ನೆಯ ಶತಮಾನದಲ್ಲಿ ಫ್ರೆಂಚರ ರೂಢಿಯನ್ನು ಕಂಡು ಇಂಗ್ಲಿಷರು ಇದನ್ನು ತಂದುಕೊಂಡರು. ಹಳೆಯ ಇಂಗ್ಲಿಷಿನ ಅನೇಕ ನಾಮಪದಗಳಿಗೆ ಷಷ್ಠಿಯಲ್ಲಿ ‘ಇ’, ‘ಎಸ್’ ಎಂಬ ಎರಡಕ್ಷರದ ಪ್ರತ್ಯಯವಿತ್ತು. ಆ ‘ಇ’ ಸವೆದ ಜಾಗದಲ್ಲಿ ಮುಂದೆ ಇದೇ ಗೆರೆ ನಿಂತಿತು. ಬಹುವಚನದಲ್ಲೂ ಸ್ವರ ಸವೆದಿದೆಯಲ್ಲ ಎಂದು ನೀನು ವಾದಿಸಬಹುದು. ರೂಢಿ ಅದಕ್ಕೆ ಗುರುತು ಕೊಡಲಿಲ್ಲ, ಅಷ್ಟೆ.

ನಮಗಿರುವ ತೊಡಕು ಕಿವಿಯದು. ‘ಹುಡುಗನ’, ‘ಹುಡುಗರ’ ಎಂಬುವು ನಮಗೆ ಬೇರೆಬೇರೆಯಾಗಿ ಕೇಳಿಸುತ್ತವೆ. ಇಂಗ್ಲಿಷಿನಲ್ಲಿ ಎರಡೂ ‘ಬಾಯ್ಸ್’. ಗೆರೆ ‘ಎಸ್’ಗೆ ಮೊದಲು ಬಂದರೆ ಅದು ಒಬ್ಬನೇ ಹುಡುಗನ ಹಾಸ್ಟೆಲು, ಅನಂತರ ಬಂದರೆ ಎಲ್ಲರದು. (ನಮ್ಮ ಕಡೆಯ ಕೆಲವು ಬೋರ್ಡುಗಳನ್ನು ನಂಬುವುದಾದರೆ, ಪಾಪ, ಒಬ್ಬೊಬ್ಬನೇ ಹುಡುಗ ಇಡೀ ಹಾಸ್ಟೆಲಿನಲ್ಲಿ ಮಲಗುತ್ತಾನೆ.) ‘ಇಟ್ಸ್’ ಎಂಬುದಂತೂ ಎಲ್ಲರನ್ನೂ ಎಡವಿಸುತ್ತದೆ. ಕನ್ನಡದಲ್ಲಿ ‘ಅದರ’ ಎನ್ನುವ ಕಡೆ ಗೆರೆ ಬೇಡ. ‘ಇಟ್ ಈಸ್’ ಅಥವಾ ‘ಇಟ್ ಹ್ಯಾಸ್’ ಎಂದು ಬಿಡಿಸಬಹುದಾದ ಕಡೆ ಬೇಕು. 1787ರ ಅಮೆರಿಕ ಸಂವಿಧಾನದ ಕೈಬರಹದಲ್ಲೇ ‘ಅದರ’ ಎಂಬರ್ಥದ ‘ಇಟ್ಸ್’ ಗೆರೆಯೊಡನೆ ನಿಂತಿದೆ. ಆ ಕಾಲಕ್ಕೆ ಅದು ಅಪರೂಪವೂ ಆಗಿರಲಿಲ್ಲ. ನಾಟಕಕಾರ ಬರ್ನಾರ್ಡ್ ಷಾ ‘ಡೋಂಟ್’ನಂಥ ಪದಗಳಲ್ಲಿ ಗೆರೆಯನ್ನು ಬೇಕೆಂದೇ ಬಿಟ್ಟು, ಬೇರೊಂದು ಪದವೆಂದು ಓದಿಬಿಡುವ ಅಪಾಯವಿದ್ದಲ್ಲಿ ಮಾತ್ರ ಉಳಿಸಿಕೊಂಡ. ನೀನೂ ಬಿಡು ತಾಯಿ, ಬೇಡವೆನ್ನುವುದಿಲ್ಲ. ಆದರೆ ಏನನ್ನು ಬಿಡುತ್ತಿದ್ದೇನೆಂದು ಅವನಿಗೆ ಗೊತ್ತಿತ್ತು.

ನಾನು ಮೇಷ್ಟ್ರಾಗಿದ್ದಾಗ ಶಿರಾ ಕಡೆಯ ಹುಡುಗನೊಬ್ಬ ತನ್ನ ತಂದೆಯ ಕಡಲೆಕಾಯಿ ಹೊಲದ ಬಗ್ಗೆ ಇಂಗ್ಲಿಷಿನಲ್ಲಿ ಪ್ರಬಂಧ ಬರೆದಿದ್ದ. ಹನ್ನೊಂದು ಕಡೆ ಕೆಂಪು ಸುತ್ತು ಹಾಕಿ ಹಿಂದಿರುಗಿಸಿದೆ. ಆ ಹೊಲದಲ್ಲಿ ಏನು ನಡೆಯಿತೆಂಬುದನ್ನು ನಾನು ಓದಿರಲೇ ಇಲ್ಲ, ಇಂದಿಗೂ ತಿಳಿಯದು. ಆಮೇಲೆ ಅವನು ಬರೆದು ತಂದದ್ದೆಲ್ಲ ಗೈಡಿನಿಂದ ಇಳಿಸಿಕೊಂಡದ್ದು. ಒಂದು ತಪ್ಪೂ ಇರುತ್ತಿರಲಿಲ್ಲ.

ನಿನ್ನ ಮೊದಲ ಪ್ರತಿಯಲ್ಲಿ, ಬತ್ತಿದ ಕೆರೆಯಂಗಳಕ್ಕೆ ಇಳಿಯುವ ಮೊದಲು ಅಜ್ಜಿ ಚಪ್ಪಲಿ ಕಳಚಿಡುವ ಸಾಲೊಂದಿತ್ತು. ಎರಡನೆಯದರಲ್ಲಿ ಅದು ಕಾಣಲಿಲ್ಲ. ಅದರಲ್ಲಿ ಎರಡು ಅಪಾಸ್ಟ್ರಫಿಗಳು ಬೇಕಿದ್ದವು, ಎಲ್ಲಿ ಹಾಕಬೇಕೆಂದು ತಿಳಿಯದೆ ಸಾಲನ್ನೇ ತೆಗೆದೆಯಾ? ಅದನ್ನು ಇದ್ದಲ್ಲಿಯೇ ಮತ್ತೆ ಸೇರಿಸಿ, ಆ ಎರಡನ್ನೂ ನೀನೇ ಹಾಕಿ ಕಳುಹಿಸು.

ಇಂತು,
ನಿನ್ನ ಮೇಷ್ಟ್ರು