ಅತ್ತೆ, ತಪ್ಪು ನಿಮ್ಮ ಬೂತಾಯಿಯದ್ದಲ್ಲ

ಗೌಟ್ ಅನ್ನೋ ಕೀಲುನೋವು ನನ್ನ ಕಾಲಿನ ಹೆಬ್ಬೆರಳಿನ ಕಡೆ ತಲೆ ಹಾಕದೆ ನಿನ್ನೆಗೆ ಒಂದು ವರ್ಷ. ಯೂರಿಕ್ ಆಸಿಡ್ 5.4ಕ್ಕೆ ಇಳಿದಿದೆ. ಆಸ್ಪತ್ರೆ ಅಲೆದ ಕತೆ ನಿಮಗೆಲ್ಲ ಗೊತ್ತು. ಬೈಕಿನಲ್ಲಿ ಆಫೀಸಿಗೆ ಬಿಟ್ಟ ಗೆಳೆಯರಿಗೆ, ಕೇಳಿದಾಗೆಲ್ಲ ರಜೆ ಕೊಟ್ಟ ಮೇಡಂಗೆ, ಫೋನಲ್ಲೇ ಬೈದು ನೀರು ಕುಡಿಸಿದ ತಂಗಿಗೆ ಥ್ಯಾಂಕ್ಸ್.

ಉಳಿದದ್ದೆಲ್ಲ ಅತ್ತೆಗೆ.

ಮೊದಲ ಸಲ ನೋವು ಬಂದ ರಾತ್ರಿ ಹೆಂಡತಿ ಊರಲ್ಲಿರಲಿಲ್ಲ, ಮಕ್ಕಳನ್ನು ನೋಡಿಕೊಳ್ಳಲು ಅತ್ತೆ ಬಂದಿದ್ದರು. ಎರಡು ಗಂಟೆಗೆ ಎಚ್ಚರವಾದರೆ ಬೆರಳು ಕೆಂಡ. ಬೆಡ್‌ಶೀಟ್ ತಾಗಿದರೆ ಜೀವ ಹೋಗುತ್ತದೆ, ಫ್ಯಾನಿನ ಗಾಳಿಯೂ ಬೇಡ. ಅತ್ತೆ ಒಂದು ಸ್ಟೂಲ್ ತಂದು ಪಾದ ಅದರಡಿಗೆ ಬರುವ ಹಾಗಿಟ್ಟು, ಬೆಡ್‌ಶೀಟನ್ನು ಅದರ ಮೇಲೆ ಹಾಕಿದರು. ಮೇ ತಿಂಗಳ ಮಂಗಳೂರಿನ ಸೆಕೆ ಅಂದ್ರೆ ಗೊತ್ತಲ್ವಾ? ಫ್ಯಾನ್ ಆರಿಸಿ, ತಮ್ಮ ಮೊಣಕಾಲು ನೋವನ್ನೂ ಲೆಕ್ಕಿಸದೆ ನೆಲದ ಮೇಲೆ ಕೂತು, ಬೆಳಗಿನವರೆಗೂ ಮಡಚಿದ ಪೇಪರಿನಲ್ಲಿ ನನ್ನ ಮುಖಕ್ಕೆ ಮಾತ್ರ ಗಾಳಿ ಹಾಕಿದರು.

ನಾನೇನು ಮಾಡಿದೆ? "ನಿಮ್ಮ ಬೂತಾಯಿ ಪುಳಿಮುಂಚಿ ತಿಂದೇ ಹೀಗಾಯ್ತು" ಅಂತ ಅವರ ಹುಳಿ-ಖಾರದ ಮೀನಿನ ಸಾರನ್ನು ದೂರಿ ಕಿರುಚಿದೆ. ಅವರು ಸುಮ್ನೆ ಐಸಿನ ಬಟ್ಟೆ ಬದಲಿಸಿದರು. ಇದನ್ನು ಮಗಳಿಗೂ ಹೇಳಿಲ್ಲ ಅಂತ ಮೊನ್ನೆ ಗೊತ್ತಾಯಿತು. ಆವತ್ತು ಅತ್ತುಬಿಟ್ಟೆ.

ಈಗ ಡಾಕ್ಟರು ಬಿಡಿಸಿ ಹೇಳಿದ್ದಾರೆ. ಯೂರಿಕ್ ಆಸಿಡಿನಲ್ಲಿ ಸುಮಾರು ಮೂರನೇ ಎರಡು ಪಾಲನ್ನು ನಮ್ಮ ಮೈಯೇ ತಯಾರಿಸುತ್ತದಂತೆ, ಕಿಡ್ನಿ ಅದನ್ನು ಸರಿಯಾಗಿ ಹೊರಗೆ ಹಾಕದಿದ್ದರೆ ರಕ್ತದಲ್ಲಿ ಏರುತ್ತಾ ಹೋಗಿ, 6.8 ದಾಟಿದ ಮೇಲೆ ಕೀಲಿನಲ್ಲಿ ಹರಳು ಕಟ್ಟಲು ಶುರುವಾಗುತ್ತದೆ. ಹೆಬ್ಬೆರಳು ಮೈಗಿಂತ ತಣ್ಣಗಿರುವುದರಿಂದ ಅಲ್ಲಿ ಸುಲಭ. ಇದು ವರ್ಷಗಳ ಕೆಲಸ, ಒಂದು ದಿನದ ಊಟದ್ದಲ್ಲ. ಅಪ್ಪನಿಗೂ ಇತ್ತು, ನಾವು ವಾತ ಅಂತಿದ್ದೆವು. ನಾನು ನುಂಗುತ್ತಿದ್ದ, ಮೂತ್ರ ಜಾಸ್ತಿ ಮಾಡಿಸುವ ಬಿಪಿ ಮಾತ್ರೆಯೂ ಯೂರಿಕ್ ಆಸಿಡ್ ಏರಿಸುತ್ತದಂತೆ. ಮೈಯೊಳಗೆ ಯೂರಿಕ್ ಆಸಿಡ್ ಆಗುವ ಪ್ಯೂರಿನ್ ಬೂತಾಯಿಯಲ್ಲಿ ಜಾಸ್ತಿ, ನಿಜ, ಅದೊಂದು ನೆಪ ಆಗಿರಬಹುದು. ಆದರೆ ಆ ಸಂಜೆ ಕುಡಿದ ಮೂರು ಬಿಯರಿನ ಸುದ್ದಿ ನಾನು ಎತ್ತಿದೆನಾ? ಇಲ್ಲ.

ಆಮೇಲೆ ನಾನು ಹೋದ ದಿನ ಅವರ ಮನೆಯಲ್ಲಿ ಮೀನೇ ಇಲ್ಲ. ಕೇಳಿದರೆ "ಮಾರ್ಕೆಟಿಗೆ ಬಂದಿರಲಿಲ್ಲ" ಅಂತಾರೆ.

ಅತ್ತೆ, ತಪ್ಪಾಯಿತು. ಭಾನುವಾರ ಬರ್ತೇವೆ. ಮಾತ್ರೆ ತಪ್ಪಿಸಿಲ್ಲ, ಬಿಯರ್ ಬಿಟ್ಟಿದ್ದೇನೆ. ನನಗೆ ಎರಡೇ ಬೂತಾಯಿ ಸಾಕು, ಪುಳಿಮುಂಚಿ ಮಾಡಿ.