ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಹೇಳಿ

ಮಾನ್ಯರೇ,

ಅಕ್ಟೋಬರ್ ಬಂದರೆ ಸ್ತನ ಕ್ಯಾನ್ಸರ್ ಜಾಗೃತಿಯ ಗುಲಾಬಿ ರಿಬ್ಬನ್ ಎಲ್ಲೆಡೆ ಕಾಣುತ್ತದೆ. ಆದರೆ ಆಪರೇಷನ್ ಆದ ಮೇಲೆ ದಂಪತಿ ಹೇಗಿದ್ದಾರೆ ಎಂದು ಯಾರೂ ಕೇಳುವುದಿಲ್ಲ.

ನನ್ನ ಹೆಂಡತಿಗೆ ಕೀಮೋ ನಡೆದಾಗ ಮಾತ್ರೆ, ಬಿಲ್ಲು, ಆಟೊ ಎಲ್ಲ ನಾನೇ ನೋಡಿಕೊಂಡೆ. ಅವಳು ಕನ್ನಡಿ ನೋಡುವುದನ್ನೇ ಬಿಟ್ಟಿದ್ದು ಮಾತ್ರ ತಿಳಿಯಲಿಲ್ಲ. ನೋವಾದೀತೆಂದು ದೂರ ಮಲಗಿದೆ. ತನ್ನನ್ನು ಕಂಡರೆ ನನಗೆ ಅಸಹ್ಯ ಎಂದು ಅವಳು ಅಂದುಕೊಂಡಳು.

ಕ್ಯಾನ್ಸರ್ ಮತ್ತೆ ಬಾರದಿರಲೆಂದು ಕೊಡುವ, ಹಾರ್ಮೋನ್ ತಡೆಯುವ ಮಾತ್ರೆಯನ್ನು ಎಷ್ಟೋ ಮಂದಿ 5ರಿಂದ 10 ವರ್ಷ ನುಂಗಬೇಕು. ಅದರಿಂದ ಮೈ ಬಿಸಿಯೇರುವುದು, ಯೋನಿ ಒಣಗುವುದು, ಆಸೆ ಕುಗ್ಗುವುದು ಉಂಟು. ಮೊದಲೇ ಹೇಳಿದ್ದರೆ ಇಬ್ಬರೂ ಸುಮ್ನೆ ಅಷ್ಟು ನರಳುತ್ತಿರಲಿಲ್ಲ, ಅಲ್ವಾ?

ದಂಪತಿಯನ್ನು ಒಟ್ಟಿಗೆ ಕೂರಿಸಿ ಕನ್ನಡದಲ್ಲಿ ಮಾತಾಡುವ ಆಪ್ತಸಮಾಲೋಚಕರು ಪ್ರತಿ ಕ್ಯಾನ್ಸರ್ ಆಸ್ಪತ್ರೆಯಲ್ಲೂ ಬೇಕು. ಸರ್ಕಾರ ದಯವಿಟ್ಟು ಗಮನಿಸಲಿ.

– ಒಬ್ಬ ಓದುಗ, ಹಾಸನ