ಗದ್ದಲಕ್ಕೆ ಅಂಜುವ ಮಗುವಿಗೂ ಗೆಳೆಯರಿರಲಿ

ಶಬ್ದ, ಬೆಳಕು, ಸ್ಪರ್ಶಗಳನ್ನು ಇತರರಿಗಿಂತ ತೀವ್ರವಾಗಿ ಅನುಭವಿಸುವ ಮಕ್ಕಳು ಶಾಲೆಗೆ ದಾಖಲಾದರೂ ಗೆಳೆಯರಿಲ್ಲದೆ ಒಂಟಿಯಾಗಿ ಉಳಿಯುತ್ತಿರುವುದು ಕಳವಳದ ಸಂಗತಿ. ಪ್ರಾರ್ಥನೆಯ ಮೈಕು, ಬಿಸಿಯೂಟದ ಹೊತ್ತಿನ ತಟ್ಟೆ–ಲೋಟಗಳ ಸದ್ದು, ಸಾಲಿನಲ್ಲಿ ಹಿಂದಿನಿಂದ ಬೀಳುವ ನೂಕು ಇಂತಹ ಮಗುವಿಗೆ ಸಹಿಸಲಾಗದ ಹಿಂಸೆ. ಕಿವಿ ಮುಚ್ಚಿಕೊಂಡು ಕಂಬದ ಮರೆಗೆ ಸರಿದರೆ ‘ಜಂಬ’ ಎನ್ನುತ್ತಾರೆ. ಹೆಗಲ ಮೇಲೆ ಕೈ ಹಾಕಿದವನನ್ನು ತಳ್ಳಿದರೆ ‘ಪುಂಡ’ ಎಂಬ ಹಣೆಪಟ್ಟಿ. ಆಮೇಲೆ ಆಟಕ್ಕೆ ಕರೆಯುವವರಾದರೂ ಯಾರು? ‘ಹೋಗು, ಎಲ್ಲರ ಜೊತೆ ಬೆರೆ’ ಎಂದು ಗದರುವ ಹಿರಿಯರಿಗಂತೂ ಕೊರತೆಯಿಲ್ಲ.

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ–2016 ಆಟಪಾಠಗಳೆರಡರಲ್ಲೂ ಸಮಾನ ಅವಕಾಶ ನೀಡಬೇಕೆನ್ನುತ್ತದೆ. ಆದರೆ ಅದು ಗುರುತಿಸಿರುವ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಆಟಿಸಂ ಇದೆಯೇ ಹೊರತು ಶಬ್ದ–ಸ್ಪರ್ಶಗಳು ಅತಿಯೆನಿಸುವ ಈ ಸಂವೇದನಾ ತೊಂದರೆಯ ಪ್ರತ್ಯೇಕ ಉಲ್ಲೇಖವಿಲ್ಲ. ಅಂಗವೈಕಲ್ಯದ ಪ್ರಮಾಣಪತ್ರವಿಲ್ಲದ ಇಂತಹ ಮಕ್ಕಳಿಗೆ ತರಗತಿ ಶಿಕ್ಷಕರೇ ಆಸರೆ.

ಶಾಲೆಗಳಲ್ಲಿ ಬ್ಯಾಗ್‌ರಹಿತ ದಿನವಾದ ‘ಸಂಭ್ರಮ ಶನಿವಾರ’ದಂದು ಇಡೀ ತರಗತಿಯನ್ನು ಮೈದಾನಕ್ಕೆ ಬಿಡುವ ಬದಲು ಇಬ್ಬರು–ಮೂವರ ಗುಂಪು ಮಾಡಿ ಚೌಕಾಬಾರ, ಅಳಗುಳಿಮಣೆ ಆಡಿಸಬಹುದು. ಈ ಆಟಗಳಲ್ಲಿ ಕೂಗಾಟವಿಲ್ಲ, ಮೈ ತಾಗಿಸಬೇಕಿಲ್ಲ, ಸರದಿ ಯಾರದೆಂಬುದೂ ಸ್ಪಷ್ಟ. ಮಗುವಿಗೆ ಹಿಡಿಸಿದ ಒಬ್ಬ ಜೊತೆಗಾರನನ್ನು ಪದೇ ಪದೇ ಬದಲಿಸದಿರುವುದೂ ಮುಖ್ಯ. ‘ಮುಟ್ಟುವ ಮುನ್ನ ಕೇಳು’ ಎಂಬುದನ್ನು ಎಲ್ಲ ಮಕ್ಕಳಿಗೂ ಕಲಿಸಬೇಕು. ಈ ಕುರಿತು ಶಿಕ್ಷಕರಿಗೆ ತಾಲ್ಲೂಕು ಮಟ್ಟದಲ್ಲಿ ಒಂದು ದಿನದ ತರಬೇತಿಯನ್ನಾದರೂ ಶಿಕ್ಷಣ ಇಲಾಖೆ ಏರ್ಪಡಿಸಲಿ.

– ಪೋಷಕರೊಬ್ಬರು, ಹಾಸನ